ಕಲಸದ ಗಿರ್ಮಿಟ್

ಗಿರ್ಮಿಟ್ ಕಲಸಿದರೆ ಸೆಮಿನಾರ್ ಮುಗಿಯಿತು. ಧಾರವಾಡದ ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಇದು ಎಲ್ಲೂ ಬರೆದಿಡದ ಕಾನೂನು. ಕಲಸಿದ ಚುರಮುರಿ ಬೇಗ ಮೆತ್ತಗಾಗುತ್ತದೆ, ಆಮೇಲೆ ಬಾಯಿ ತೆರೆಯುವುದು ತಿನ್ನಲಿಕ್ಕೆ ಮಾತ್ರ. ಸೆಮಿನಾರಿನಲ್ಲಿ ಒಂದಾದರೂ ಪ್ರಶ್ನೆ ಎದುರಿಸದ ಅಧ್ಯಾಯಕ್ಕೆ ಪಿಎಚ್.ಡಿ. ಪ್ರಬಂಧದಲ್ಲಿ ಜಾಗವಿಲ್ಲ.

೨೦೦೮ರ ಆ ಮಧ್ಯಾಹ್ನ ನಾನು ಮೂರು ಅಧ್ಯಾಯ ಮುಗಿಸಿ ನಾಲ್ಕನೆಯದಕ್ಕೆ ಸೀಮೆಸುಣ್ಣ ಎತ್ತಿದ್ದೆ. ನನ್ನ ಮಾರ್ಗದರ್ಶಕ ರಮಾಕಾಂತ ಸರ್ ಬಾಗಿಲ ಕಡೆ ನೋಡಿದರು. ಅಲ್ಲಿ ಕ್ಯಾಂಟೀನಿನ ಕಸ್ತೂರೆವ್ವ ಚುರಮುರಿ ಬುಟ್ಟಿ, ಮಸಾಲೆ ಪಾತ್ರೆ ಇಟ್ಟುಕೊಂಡು ಕುಳಿತಿದ್ದರು.

"ಸಾಕವಾ ಸುಕನ್ಯಾ. ಕಸ್ತೂರೆವ್ವ, ಕಲಸವಾ."

ನನಗೆ ಮೈಯೆಲ್ಲ ಉರಿಯಿತು. ಪ್ರೋಟಾನಿನೊಳಗೆ ಇರುವಂಥ ಕ್ವಾರ್ಕುಗಳು ನಾಲ್ಕು ಸೇರಿದ ಕಣ ಹೇಗೆ ಹುಟ್ಟುತ್ತದೆ ಎಂಬ ಆ ಅಧ್ಯಾಯಕ್ಕಾಗಿಯೇ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

"ಕಲಸಬ್ಯಾಡ್ರಿ ಕಸ್ತೂರೆವ್ವ!" ಎಂದೆ.

ಅವರ ಕೈ ಅಲ್ಲೇ ನಿಂತಿತು.

ಸರ್ ಗದರಿದರು. "ಜಪಾನಿನವ್ರು ಒಮ್ಮೆ ಅಂಥಾ ಕಣ ಕಂಡೇವಿ ಅಂದ್ರ ಮುಗೀತೇನು? ನಾಳೆ ಇನ್ನೊಬ್ರು ಇಲ್ಲ ಅಂದ್ರ? ಕ್ವಾರ್ಕು ಎರಡು ಕೂಡತಾವ, ಇಲ್ಲಾ ಮೂರು. ಅಷ್ಟು ಸಾಕು."

"ಅಷ್ಟೇ ಸಾಕಂತ ಕ್ವಾರ್ಕಿಗೆ ಯಾರು ಹೇಳ್ಯಾರ್ರಿ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನು ಹಲಗೆಯತ್ತ ತಿರುಗಿದೆ.

"ಭಾರದ ಬಾಟಮ್ ಕ್ವಾರ್ಕು ಒಡದು ಮೂರು ಕ್ವಾರ್ಕು ಆಗತೈತಿ. ಚಾರ್ಮ್, ಪ್ರತಿ-ಚಾರ್ಮ್, ಸ್ಟ್ರೇಂಜ್. ಬಾಟಮ್ ಸಂಗಾಟ ಮೊದಲ ಇದ್ದ ಹಗೂರ ಕ್ವಾರ್ಕು ಅಲ್ಲೇ ಐತಿ. ಉಳಿದ ಶಕ್ತಿಯಾಗ ಇನ್ನೊಂದು ಹಗೂರ ಜೋಡಿ ಹುಟ್ಟತೈತಿ. ಒಟ್ಟು ಆರು. ಸ್ಟ್ರೇಂಜ್ ಒಂದು ಹಗೂರದ್ದನ್ನ ಕರಕೊಂಡು ಹೋತು. ಉಳಿದ ನಾಲ್ಕು ಕೂಡಿದ್ವು."

"ನಾಲ್ಕು ಕೂಡಿದ್ವು ಅನ್ನೂದು ಬರೇ ನಿನ್ನ ಊಹೆ," ಎಂದರು ಸರ್.

"ಚಾರ್ಮ್ ಜೋಡಿದು ವಿದ್ಯುದಂಶ ಸೊನ್ನೆರಿ. ಅವ್ರು ಕಂಡ ಕಣಕ್ಕ ವಿದ್ಯುದಂಶ ಐತಿ. ಉಳಿದ ಎರಡು ಕೊಡದ ಅದೆಲ್ಲಿಂದ ಬಂತು? ನಾಳೆ ಸುಳ್ಳಾದ್ರ ನನ್ನ ಹೆಸರಿನ ಮ್ಯಾಲೆ ಸುಳ್ಳಾಗಲಿ. ಅಂಜಿ ಬಿಟ್ಟೆ ಅಂತ ಮಾತ್ರ ಆಗಬಾರದು."

"ಕಲಸವಾ ಅಂದ್ನಿಲ್ಲ?" ಸರ್ ಬಾಗಿಲಿಗೆ ಕೂಗಿದರು.

"ಅಕಿದಿನ್ನೂ ಮುಗಿದಿಲ್ಲಂತ್ರಿ," ಎಂದರು ಕಸ್ತೂರೆವ್ವ.

ಸರ್ ಹಲಗೆಯನ್ನು ದುರುಗುಟ್ಟಿ ನೋಡಿದರು. ಎಷ್ಟೆಂದರೂ ಭೌತಶಾಸ್ತ್ರದವರು, ತಪ್ಪು ಹುಡುಕದೆ ಇರಲಾರರು. "ಹಗೂರವು ಚಾರ್ಮನ್ನ ಒಂದೊಂದಾಗಿ ಎಳಕೊಂಡು ಬ್ಯಾರೆ ಬ್ಯಾರೆ ಹೋದ್ರ?"

"ಬಾಳ ಸಲ ಹಂಗ ಹೋಗತಾವ್ರಿ. ಹೋಗದ ನಿಲ್ಲೂದು ಎಷ್ಟು ಅಂತ ತಗಿಯೂದ ನನ್ನ ಅಧ್ಯಾಯ."

ಸರ್ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದು, ತಟ್ಟನೆ ಮುಚ್ಚಿದರು. ತಾವೇ ಪ್ರಶ್ನೆ ಕೇಳಿಬಿಟ್ಟಿದ್ದು ಆಗ ಹೊಳೆಯಿತು. ನಾಲ್ಕನೆಯ ಅಧ್ಯಾಯ ಪ್ರಬಂಧಕ್ಕೆ ಸೇರಿಯಾಗಿತ್ತು.

"ಕಲಸಲೇನ?" ಕಸ್ತೂರೆವ್ವ ಕೇಳಿದರು. ಕೇಳಿದ್ದು ಸರ್‌ಗೆ ಅಲ್ಲ, ನನಗೆ.

"ಈಗ ಕಲಸ್ರಿ," ಎಂದೆ. "ಖಾರ ಜಾಸ್ತಿ ಇರಲಿ."