ಬಾಗಿಲು ಬಿಟ್ಟು ಮಿಕ್ಕಿದ್ದೆಲ್ಲ

ಟೈಲ್ಸ್ ಬರುತ್ತದೆ, ಪೈಂಟ್ ಬರುತ್ತದೆ, ಹೊಸ ನಲ್ಲಿಯೂ ಬರುತ್ತದೆ. ಬಾಗಿಲು ಮಾತ್ರ ಹಳೆಯದೇ ಉಳಿದುಬಿಟ್ಟರೆ? ಬಾತ್‌ರೂಮ್ ಸರಿ ಮಾಡಿಸೋಣ ಎಂದು ಅಪ್ಪ ಹೇಳಿದಾಗಿನಿಂದ ನನಗೆ ಇದೊಂದೇ ಚಿಂತೆ. ಇದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ. ಓದಿದ ಹುಡುಗಿ, ಬಿ.ಕಾಂ. ಮುಗಿಸಿದವಳು, ಒಂದು ಬಾಗಿಲಿಗಾಗಿ ನಿದ್ದೆ ಕೆಡಿಸಿಕೊಳ್ಳುವುದೇ?

ತಮಿಳುನಾಡಿನ ಸೋಮನೂರಿನಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಬಾತ್‌ರೂಮ್ ಇರುವುದು ಶೆಡ್ಡಿನ ಕೊನೆಯಲ್ಲಿ, ನೀರಿನ ತೊಟ್ಟಿಯ ಪಕ್ಕ. ಮನೆಯವರಿಗೂ, ಶೆಡ್ಡಿಗೆ ಕೆಲಸಕ್ಕೆ ಬರುವವರಿಗೂ ಅದೊಂದೇ. ಹಗಲೆಲ್ಲ ಪವರ್‌ಲೂಮ್ ಓಡುತ್ತಿರುತ್ತದೆ. ಆ ಸದ್ದಿನಲ್ಲಿ ಬಾಗಿಲು ಬಡಿದರೂ ಒಂದೇ, ಬಡಿಯದಿದ್ದರೂ ಒಂದೇ. ಒಳಗಿಂದ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ತಾತನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊರಗಿನ ಮೊಳೆಗೆ ಕೆಂಪು ಬಟ್ಟೆಯ ತುಂಡು ನೇತುಹಾಕಿದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ಹೊರಗೆ ಬರುವಾಗ ತೆಗೆದು ಕಿಟಕಿಯ ಮೇಲೆ ಇಡಬೇಕು.

ಬಾಗಿಲಿನ ಚಿಲಕ ಎಂದೋ ಕಿತ್ತುಹೋಗಿದೆ. ಮರ ಒದ್ದೆಯಾಗಿ ಮೆತ್ತಗಾಗಿ ಸ್ಕ್ರೂ ಹಿಡಿಯುವುದಿಲ್ಲ. ಕೆಳಭಾಗ ಕೊಳೆತು ಹೋದಲ್ಲಿ ಅಪ್ಪ ತಗಡು ಹೊಡೆದಿದ್ದಾರೆ. ವೇಸ್ಟ್ ನೂಲನ್ನು ಹುರಿ ಮಾಡಿ ಬಾಗಿಲಿಗೆ ಕಟ್ಟಿದ್ದೇವೆ. ಒಳಗೆ ಹೋದವರು ಅದನ್ನು ನಲ್ಲಿಯ ಪೈಪಿಗೆ ಸುತ್ತಿಕೊಳ್ಳಬೇಕು. ಜೋರಾಗಿ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಕಳೆದ ವರ್ಷ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಅದು ಬಿಚ್ಚಿಕೊಂಡಿತು. ಮಗ್ಗ ರಿಪೇರಿಗೆ ಬರುವ ಫಿಟ್ಟರ್ ಲೋಗನಾಥನ್ ಅಣ್ಣ ಕೈತುಂಬ ಗ್ರೀಸ್ ಮಾಡಿಕೊಂಡು ಕೈ ತೊಳೆಯಲು ಬಂದಿದ್ದ. ಮೊಳೆಯ ಮೇಲೆ ಬಟ್ಟೆ ಕಂಡಿದೆ, ಅದರ ಅರ್ಥ ಆ ಅವಸರದಲ್ಲಿ ಹೊಳೆದಿಲ್ಲ. ಮಗ್ಗದ ಶೆಡ್ಡಿನಲ್ಲಿ ಕಣ್ಣಿಗೆ ಬಿದ್ದ ಹಳೇ ಬಟ್ಟೆಯೆಲ್ಲ ಕೈ ಒರೆಸುವುದಕ್ಕೇ. ತೆಗೆದು ಒರೆಸಿಕೊಂಡಿದ್ದಾನೆ. ಆಮೇಲೆ ಬಾಗಿಲು ಎಳೆದಿದ್ದಾನೆ. ಮಳೆಗೆ ಊದಿಕೊಂಡಿರಬೇಕೆಂದು ಇನ್ನೂ ಜೋರಾಗಿ ಎಳೆದಿದ್ದಾನೆ. ನನ್ನ ತಲೆಯ ಮೇಲೆ ಸೋಪಿನ ನೊರೆಯಿತ್ತು. ಅವನ ಬಾಯಿ ಏನೋ ಹೇಳಿದ್ದು ಕಾಣಿಸಿತು, ಸದ್ದು ಮಾತ್ರ ಕೇಳಲಿಲ್ಲ. ಬಾಗಿಲು ಮತ್ತೆ ಮುಚ್ಚಿತು. ಅವನ ಇನ್ನೊಂದು ಕೈಯಲ್ಲಿ ಕೆಂಪು ಬಟ್ಟೆ ಇತ್ತು, ಕಪ್ಪಗಾಗಿ.

ಅವನದು ತಪ್ಪಲ್ಲ. ನಾನು ಸಣ್ಣವಳಿದ್ದಾಗಿನಿಂದ ಬರುವವನು, ಅಪ್ಪನ ವಯಸ್ಸಿನವನು. ಆಮೇಲೆ ನನ್ನ ಮುಖ ನೋಡಿ ಮಾತಾಡಿಲ್ಲ, ಕೈ ಒರೆಸಲು ತನ್ನದೇ ಒಂದು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ. ಆ ಟವೆಲ್ ಕಂಡಾಗಲೆಲ್ಲ ನಾನು ಮನೆಯೊಳಗೆ ಹೋಗಿಬಿಡುತ್ತೇನೆ. ಹೇಳಿದರೆ ಅಪ್ಪ ಅವನನ್ನು ಕೆಲಸದಿಂದ ಬಿಡಿಸಿಬಿಡುತ್ತಾರೆ. ಇಲ್ಲವೇ ಅಮ್ಮ, ಹುರಿ ಸರಿಯಾಗಿ ಸುತ್ತಿಕೊಳ್ಳಬಾರದಿತ್ತಾ ಎನ್ನುತ್ತಾಳೆ. ಎರಡೂ ಬೇಡ. ನನ್ನ ಡೈರಿಯಲ್ಲೂ ಇದನ್ನು ಬರೆಯಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತೇವಾದರೂ ಅಕ್ಷರ ಬರುವುದು ನನಗೊಬ್ಬಳಿಗೇ. ಕೊಯಮತ್ತೂರಿನ ಹಾಸ್ಟೆಲಿನಲ್ಲಿ ಹಾಸನದ ಪ್ರೇರಣಾ ಕಲಿಸಿದ್ದು. ಯಾರೂ ಓದಲಾರದ ಪುಸ್ತಕದಲ್ಲಿ ಕೂಡ ಬರೆಯಲು ಕೈ ಬರಲಿಲ್ಲ.

ಅಂದಿನಿಂದ ಎಲ್ಲರೂ ಏಳುವ ಮೊದಲೇ ಎದ್ದು, ನೈಟಿ ತೊಟ್ಟುಕೊಂಡೇ ನೀರು ಹಾಕಿಕೊಳ್ಳುತ್ತೇನೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಹುರಿ. ಒದ್ದೆ ಬಟ್ಟೆಯೊಳಗೆ ಸೋಪು ಹೋಗುವುದಿಲ್ಲ. ನೂಲು ವ್ಯಾಪಾರಿಯ ಆಫೀಸಿನಲ್ಲಿ ಬಿಲ್ ಹಾಕುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಮೈಯೆಲ್ಲ ಭಾರ, ಎಂದೂ ಪೂರ್ತಿ ತೊಳೆಯದಂತೆ.

"ಈ ಹುಡ್ಗಿ ದಿನಾ ನೈಟಿ ಒಗೀತಾಳೆ ನೋಡು. ನಾಳೆ ಡೋಬಿ ಮನೆಗೇ ಕೊಟ್ಬಿಡ್ಬಹುದು," ಎಂದು ಅವ್ವ, ಅಂದರೆ ಅಪ್ಪನ ತಾಯಿ ಪಳನಿಯಮ್ಮ, ಹಗ್ಗದ ಮೇಲಿನ ಬಟ್ಟೆ ನೋಡಿ ನಗುತ್ತಾಳೆ.

ಬಾತ್‌ರೂಮಿನ ಮಾತು ಎದ್ದದ್ದು ಅಕ್ಕ ಜನನಿಯಿಂದ. ಅವಳಿಗೀಗ ಏಳನೇ ತಿಂಗಳು. ಬಳೆ ತೊಡಿಸುವ ಬಳೆಕಾಪಿನ ಸೀಮಂತ ಮಾಡಿ ಮನೆಗೆ ಕರೆದುಕೊಂಡು ಬರಬೇಕು, ಮಡತ್ತುಕುಳದಿಂದ ಅವಳ ಅತ್ತೆಯವರೆಲ್ಲ ಬರುತ್ತಾರೆ. ಕಳೆದ ಸಲ ಬಂದಾಗ ಅಮ್ಮನ ಬೀಗಿತ್ತಿಯಾದ ಆ ಅತ್ತೆ ಬಾತ್‌ರೂಮಿಗೆ ಹೋಗಿ ಬಂದು, "ಏನ್ ಸಮ್ಮಂದಿ, ಒಳಗೆ ಗೋಡೆಗೆಲ್ಲ ಕಂಬಳಿ ಹೊದಿಸಿದ್ದೀರಲ್ಲಾ," ಎಂದಿದ್ದಳು. ಮಗ್ಗದಿಂದ ಹಾರುವ ಹತ್ತಿಯ ಧೂಳು ಒದ್ದೆ ಗೋಡೆಗೆ ಮೆತ್ತಿಕೊಂಡು ನಿಜವಾಗಿಯೂ ಬೂದು ಕಂಬಳಿಯ ಹಾಗೇ ಕಾಣುತ್ತದೆ. ಎಲ್ಲರೂ ನಕ್ಕರು. ಅಮ್ಮ ಮಾತ್ರ ಒಂದು ವಾರ ಅದನ್ನೇ ನೆನೆಸಿಕೊಂಡು ಪಾತ್ರೆ ಕುಕ್ಕಿದಳು.

ಅಪ್ಪ ಕುಪ್ಪುಸಾಮಿ ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಪಲ್ಲಡದ ಒಂದು ಅಂಗಡಿಯಲ್ಲಿ ಮಿಕ್ಕಿದ ಟೈಲ್ಸನ್ನು ಲಾಟ್ ಲೆಕ್ಕದಲ್ಲಿ ಕೊಡುತ್ತಾರೆಂದು ಕೇಳಿ, ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಯಾವುದೂ ಒಂದು ಗೋಡೆಗೆ ಸಾಲುವಷ್ಟಿರಲಿಲ್ಲ. ಬಿಳಿ ಸ್ವಲ್ಪ, ತೆಳು ನೀಲಿ ಸ್ವಲ್ಪ, ಕಡು ನೀಲಿ ಸ್ವಲ್ಪ, ಗುಲಾಬಿ ಹೂವಿನದು ಒಂದು ಹಿಡಿ.

"ಏನುಂಗಣ್ಣ, ಇದು ಟೈಲ್ಸಾ, ಕಲಸುಮೇಲೋಗರಾನಾ?" ಎಂದ ಮೇಸ್ತ್ರಿ ಮಾಯಣ್ಣ.

"ಇರು ಮಾಯಣ್ಣ. ಇವತ್ತು ಒಂದ್ ದಿನ ಟೈಮ್ ಕೊಡು."

ಸಂಜೆ ನಾನು ಆಫೀಸಿನಿಂದ ಬಂದಾಗ ಅಪ್ಪ ಶೆಡ್ಡಿನ ನೆಲದ ಮೇಲೆ ಟೈಲ್ಸ್ ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ನೆಲದಿಂದ ಸೊಂಟದವರೆಗೆ ಕಡು ನೀಲಿ, ಮೇಲೆ ಬಿಳಿ, ನಡುವೆ ಗುಲಾಬಿ ಹೂವಿನ ಸಾಲು. ಡಿಸೈನ್ ಪೇಪರಿನ ಮೇಲೆ ನೋಡುವ ಹಾಗೆ ತಲೆ ವಾರೆ ಮಾಡಿ ನೋಡುತ್ತಿದ್ದರು. ಒಂದನ್ನು ತೆಗೆಯುವುದು, ಇನ್ನೊಂದನ್ನು ಇಡುವುದು.

"ಅಂಚು ಇಲ್ಲಿ ಬರಬೇಕು ಅಭಿ. ಸೆರಗು ಆ ಕಡೆ ಗೋಡೆಗೆ. ಹೇಗಿದೆ?"

ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಕಂಡೆ. ನಾನು ತಲೆಯಾಡಿಸಿದೆ.

ಬಾಗಿಲ ಬಳಿ ಕೂತಿದ್ದ ಅವ್ವ ಗಟ್ಟಿಯಾಗಿ ಕೂಗಿದಳು, "ನೋಡ್ರೇ, ನನ್ ಮಗ ಪಾತ್‌ರೂಮಿಗೆ ಸೀರೆ ಉಡಿಸ್ತಾನೆ!"

ಅಮ್ಮ ಮಗ್ಗದ ನಡುವೆಯೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಸುಮ್ಮನೆ ಮಂಚದ ಮೇಲೆ ಕೂತೆ. ಯಾಕೋ ಎದ್ದು ಟೀ ಕಾಸುವುದಕ್ಕೂ ಆಗಲಿಲ್ಲ.

ಕೆಲಸ ಶುರುವಾದ ಮೇಲೆ ಮಾಯಣ್ಣ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ. ನಾವೆಲ್ಲ ಸ್ನಾನಕ್ಕೆ ಪಕ್ಕದ ವಿಜಯಮ್ಮನ ಮನೆಗೆ ಹೋಗಬೇಕಾಯಿತು. ಅವರ ಬಾತ್‌ರೂಮ್ ನಮ್ಮದಕ್ಕಿಂತ ಚಿಕ್ಕದು. ಗೋಡೆಗೆ ಬರೀ ಸಿಮೆಂಟು, ನಲ್ಲಿ ಸೋರುತ್ತದೆ, ಮೂಲೆಯಲ್ಲಿ ಒಂದು ಹಳೇ ಗ್ರೈಂಡರ್. ಆದರೆ ತಗಡಿನ ಬಾಗಿಲಿಗೆ ಒಳಗಿಂದ ಕಬ್ಬಿಣದ ಚಿಲಕ. ಅದನ್ನು ಸರಿಸಿದೆ. ಕಟಕ್ ಎಂದಿತು. ಬಾಗಿಲನ್ನು ಒಮ್ಮೆ ತಳ್ಳಿ ನೋಡಿದೆ. ಇನ್ನೊಮ್ಮೆ ತಳ್ಳಿ ನೋಡಿದೆ. ಅಲುಗಲಿಲ್ಲ.

ನೈಟಿ ತೆಗೆದು ಗ್ರೈಂಡರಿನ ಮೇಲೆ ಹಾಕಿದೆ. ಮೊದಲ ಚೊಂಬು ನೀರು ಬೆನ್ನಿನ ಮೇಲೆ ಇಳಿದಾಗ ಅಲ್ಲೇ ನಿಂತುಬಿಟ್ಟೆ. ಎರಡೂ ಕೈ ಖಾಲಿ ಇದ್ದವು. ಬೆನ್ನು ಎಂಬುದೊಂದು ನನಗೂ ಇದೆ ಎಂದು ಮರೆತೇಹೋಗಿತ್ತು. ನೀರು ಹಾಕಿಕೊಳ್ಳುತ್ತಲೇ ಇದ್ದೆ.

"ಯಾರ್ ಮನೆ ನೀರು ಅಂತ ಅಷ್ಟ್ ಹೊತ್ತು ಸುರ್ಕೊಂಡೆ?" ಎಂದು ಅಮ್ಮ ಬೈದಳು.

"ವಿಡು ಶಾರದ, ಕೊಳಂದೆ ಕುಳಿಕ್ಕಟ್ಟುಂ," ಎಂದರು ವಿಜಯಮ್ಮ. ಮಗು ಸ್ನಾನ ಮಾಡಿಕೊಳ್ಳಲಿ ಬಿಡು ಎಂದು. ಆ ತಮಿಳಿನ ಮಾತಿಗೆ ನನಗೆ ಅಳು ಬಂತು. ತಲೆ ಒರೆಸಿಕೊಳ್ಳುವ ನೆಪದಲ್ಲಿ ಟವೆಲಿನೊಳಗೆ ಮುಖ ಇಟ್ಟುಕೊಂಡೆ.

ಭಾನುವಾರ ಗೋಡೆಗಳು ಮುಗಿದವು. ನೀಲಿ ಅಂಚು, ಗುಲಾಬಿ ಸಾಲು. ಮಾಯಣ್ಣನೇ ಎರಡು ಹೆಜ್ಜೆ ಹಿಂದೆ ಸರಿದು, "ಅಣ್ಣಾ, ಕಲ್ಯಾಣಕ್ಕೆ ಹೊರಟ ಹಾಗಿದೆ," ಎಂದ. ಆಮೇಲೆ ಕೈ ತೊಳೆದುಕೊಂಡು ಕೇಳಿದ, "ಮಿಕ್ಕಿದ ದುಡ್ಡಲ್ಲಿ ಒಂದೇ ತಾನ್ ಆಗುತ್ತೆ. ವಾಷ್‌ಬೇಸಿನ್ನೂ ಕನ್ನಾಡಿಯೂ, ಇಲ್ಲಾಂದ್ರೆ ಪಿವಿಸಿ ಬಾಗಿಲು. ಟೀ ಕುಡಿದು ಬತ್ತೀನಿ. ಅಷ್ಟರಲ್ಲಿ ಹೇಳಿ, ಅಂಗಡಿಗೆ ಹೋಗಬೇಕು."

ಅವನು ಹೋದ. ಮಗ್ಗಗಳು ಓಡುತ್ತಿದ್ದವು. ಬಾತ್‌ರೂಮ್ ಕೆಲಸವೆಂದು ಯಾರೂ ಮಗ್ಗ ನಿಲ್ಲಿಸುವುದಿಲ್ಲ. ಅಪ್ಪ ಅಮ್ಮ ಶೆಡ್ಡಿನಲ್ಲೇ ನಿಂತು, ಕೂಗಿಕೊಂಡೇ ಮಾತಾಡಿದರು.

"ಕನ್ನಾಡಿ ತಾನೇ!" ಎಂದಳು ಅಮ್ಮ. "ಸಮ್ಮಂದಿ ಬಂದು ಮುಖ ತೊಳ್ದು ಎಲ್ಲಿ ನೋಡ್ಕೊಳ್ಳೋದು? ನಿಮ್ ತಲೇಲಾ?"

"ನನ್ ತಲೆ ಪಳಪಳ ಅಂತ ತಾನ್ ಇದೆ, ನೋಡ್ಕೊಳ್ಳಲಿ," ಎಂದು ಅಪ್ಪ ಬೋಳು ತಲೆ ಸವರಿಕೊಂಡರು. "ಸೆರಿ, ಕನ್ನಾಡಿನೇ ಆಗ್ಲಿ. ಬಾಗಿಲಿಗೆ ನೀಲಿ ಪೈಂಟ್ ಬಳಿದ್ರೆ ಮ್ಯಾಚ್ ಆಗುತ್ತೆ."

"ಕೆಂಪು ಬಟ್ಟೆನೂ ಹೊಸದು ಹೊಲ್ದಿದ್ದೀನಿ," ಎಂದು ಅಮ್ಮ ಸೊಂಟದಿಂದ ತೆಗೆದು ತೋರಿಸಿದಳು. ನಾಲ್ಕು ಕಡೆಯೂ ಮಡಿಸಿ ಹೊಲಿದ ಚಂದದ ತುಂಡು. ತುದಿಗೆ ಒಂದು ಕುಚ್ಚು.

ಅಪ್ಪ ನನ್ನ ಕಡೆ ತಿರುಗಿದರು. "ಅಮ್ಮಿಣಿ, ನೀನೇನ್ ಹೇಳ್ತೆ?"

ಅವರು ಯಾವಾಗಲೂ ಕೇಳುತ್ತಾರೆ. ನಾನು ಯಾವಾಗಲೂ ತಲೆಯಾಡಿಸುತ್ತೇನೆ. "ಬಾಗಿಲು," ಎಂದೆ.

ಅಪ್ಪ ಕಿವಿಗೆ ಕೈ ಹಿಡಿದರು. "ಹಾಂ?"

"ಬಾಗಿಲು ಬೇಕು."

ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಶೆಡ್ಡಿನವರೆಲ್ಲ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಆದರೆ ನಾನು ಮಾತಾಡುವಾಗ ತುಟಿಯೂ ಸರಿಯಾಗಿ ತೆರೆಯುವುದಿಲ್ಲ. ಅಪ್ಪ ನಕ್ಕು, ಸೆರಿ ಸೆರಿ ಎಂಬಂತೆ ಕೈ ಬೀಸಿ, ನೂಲು ಕಡಿದಿದ್ದ ಮಗ್ಗದ ಕಡೆ ಹೋದರು. ಅಮ್ಮ ಕೆಂಪು ತುಂಡನ್ನು ಮೊಳೆಗೆ ಹಾಕಿ, ದೂರದಿಂದ ಚಂದ ನೋಡಿದಳು.

ಗೋಡೆಗೆ ಒರಗಿದ್ದ ಹಳೇ ಬಾಗಿಲು ನನ್ನ ಎದುರಿಗಿತ್ತು. ಅದರ ಹುರಿ ನೆಲದ ಮೇಲೆ ಬಿದ್ದಿತ್ತು. ನಾಳೆಯಿಂದ ಮತ್ತೆ ಕತ್ತಲಲ್ಲಿ ಏಳಬೇಕು. ಮತ್ತೆ ಒಂದು ಕೈಯಲ್ಲಿ ಅದು. ಅಕ್ಕ ಬರುತ್ತಾಳೆ, ಆ ಹೊಟ್ಟೆ ಹೊತ್ತು ಅವಳೂ ಅದನ್ನೇ ಹಿಡಿದುಕೊಳ್ಳಬೇಕು. ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು. ಇನ್ನೊಂದು ದಿನ ಆ ಹುರಿ ಹಿಡಿದು ನಿಲ್ಲುವುದು ನನ್ನಿಂದ ಆಗುವುದಿಲ್ಲ ಎಂದು ಮಾತ್ರ ಗೊತ್ತಾಯಿತು.

ಮೇನ್ ಸ್ವಿಚ್ ಇರುವುದು ಶೆಡ್ಡಿನೊಳಗಿನ ಕಂಬದ ಮೇಲೆ. ಅದನ್ನು ಅಪ್ಪನನ್ನು ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ. ಮಗ್ಗ ನಡುವೆ ನಿಂತರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ, ಗೆರೆ ಬಿದ್ದ ಬಟ್ಟೆಯನ್ನು ವ್ಯಾಪಾರಿ ತಳ್ಳಿಹಾಕುತ್ತಾನೆ. ನಾನು ಹೋಗಿ ಅದನ್ನು ಕೆಳಕ್ಕೆ ಎಳೆದೆ.

ಮಗ್ಗಗಳು ಒಂದೊಂದಾಗಿ ಉಸಿರು ಬಿಟ್ಟಂತೆ ನಿಂತವು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು.

"ಯಾರದು? ಕರಂಟ್ ಹೋಯ್ತಾ?" ಎಂದರು ಅಪ್ಪ. ಆಮೇಲೆ ಸ್ವಿಚ್ಚಿನ ಮೇಲಿದ್ದ ನನ್ನ ಕೈ ನೋಡಿದರು. "ಏ ಅಭಿ! ಬಟ್ಟೆ ಏನಾಗುತ್ತೆ? ಪೈತ್ಯ ಹಿಡೀತಾ ನಿಂಗೆ?"

ಅಮ್ಮ ಓಡಿಬಂದಳು. ಅವ್ವ ಬಾಗಿಲ ಬಳಿಯಿಂದ ಕತ್ತು ಚಾಚಿದಳು. ಮೂವರೂ ನನ್ನನ್ನೇ ನೋಡುತ್ತಿದ್ದರು. ಕೂಗುವ ಅಗತ್ಯವಿರಲಿಲ್ಲ. ನನ್ನ ದನಿ ಎಷ್ಟಿದೆಯೋ ಅಷ್ಟೇ ಸಾಕಾಗಿತ್ತು.

"ಒಂದ್ಸಲ ನಾನ್ ಒಳಗಿದ್ದಾಗ ಆ ಬಾಗಿಲು ತೆಗೆದೋಯ್ತಪ್ಪಾ. ಅವತ್ತಿಂದ ನಮ್ ಮನೇಲಿ ನಾನು ಬಟ್ಟೆ ಬಿಚ್ಚಿ ಸ್ನಾನಾನೇ ಮಾಡಿಲ್ಲ."