ಚೌಕ ಬಾಯಿಯ ವೈರು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಅವತ್ತು ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಎಂಥ ಸಮಾಧಾನದವರು ಕೂತಿದ್ದರೂ ಆ ಮಾನಿಟರಿಗೆ ಎರಡು ಬಾರಿಸುತ್ತಿದ್ದರು. ಮೈಕಿನ ಯುಎಸ್‌ಬಿ ವೈರನ್ನು ಮಾನಿಟರಿನ ಪಕ್ಕದ ಪೋರ್ಟಿಗೆ ಚುಚ್ಚಿದರೆ ಕಂಪ್ಯೂಟರು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಿತ್ತೆ, ಊದಿದೆ, ಮತ್ತೆ ಚುಚ್ಚಿದೆ. ಪಕ್ಕದ ಇನ್ನೊಂದು ಪೋರ್ಟಿಗೆ ಹಾಕಿದೆ. ಮೈಕಿನ ಕೆಂಪು ದೀಪವೇನೋ ಜೋರಾಗಿ ಉರಿಯುತ್ತಿತ್ತು, ಅಂದರೆ ಕರೆಂಟು ಬರುತ್ತಿತ್ತು. ಪರದೆಯ ಮೇಲೆ ಮಾತ್ರ ಮೈಕಿನ ಸುದ್ದಿಯೇ ಇಲ್ಲ.

ನನ್ನ ಕೆಲಸ ಪುಸ್ತಕ ಓದುವುದು. ಮನಸ್ಸಿನಲ್ಲಲ್ಲ, ಗಟ್ಟಿಯಾಗಿ. ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಕಥೆ, ಕಾದಂಬರಿಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಆ ಮಕ್ಕಳಿಗೆ ನಾನು ಕಥೆಯಮ್ಮ. ಒಮ್ಮೆ ಶಾಲೆಗೆ ಹೋದವಳು ಬಾಗಿಲಲ್ಲಿ ನಿಂತು, "ಯಾರಿದೀರಿ ಒಳಗೆ?" ಅಂದಿದ್ದೇ ತಡ, ಇಡೀ ತರಗತಿ ಎದ್ದು ನಿಂತು ಕೂಗಾಡಿಬಿಟ್ಟಿತ್ತು. ರೂಪದಲ್ಲಿ ನಾನು ಅಷ್ಟಕ್ಕಷ್ಟೆ, ಓದಿದ್ದೂ ಹೇಳಿಕೊಳ್ಳುವಂಥದ್ದಲ್ಲ. ನನ್ನದು ಅಂತ ಎದೆ ತಟ್ಟಿ ಹೇಳುವುದಕ್ಕೆ ಏನಾದರೂ ಇದ್ದರೆ ಈ ಗಂಟಲೊಂದೇ.

ಆ ಗಂಟಲು ಕೆಲವು ತಿಂಗಳಿಂದ ಕೈಕೊಡುತ್ತಿತ್ತು. ಪುಟದ ಕೊನೆಗೆ ಬರುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಗಂಟಲಿನ ಡಾಕ್ಟರಮ್ಮ ಒಳಗೆ ನಳಿಕೆ ಇಳಿಸಿ, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು. ಗಾಯ ಮಾಯುವವರೆಗೆ ಒಂದು ಮಾತೂ ಆಡಕೂಡದು ಅಂದಿದ್ದರು. ಪರೀಕ್ಷೆಯ ಫಲಿತಾಂಶ ತರುವುದಕ್ಕೆ ನನ್ನ ಗಂಡ ಒಬ್ಬರೇ ಹೋಗಿಬಂದರು. ಚಪ್ಪಲಿ ಬಿಡುತ್ತಲೇ, "ಗಂಟಲು ಸ್ವಲ್ಪ ಸವೆದಿದೆಯಂತೆ, ಅಷ್ಟೇ ಕಣೇ. ಗಾಯ ಮಾಯ್ದ ಮೇಲೆ ಆರಾಮಾಗಿ ಓದು" ಅಂದರು. ನನಗೆ ಹೋದ ಜೀವ ಬಂದಂತಾಗಿತ್ತು.

ನಾನು ಬಾಯಿ ಕಟ್ಟಿಕೊಂಡು ಕೂತಿದ್ದ ಆ ದಿನಗಳಲ್ಲೇ ಅವರಿಗೆ ಮನೆಗೆ ಬಣ್ಣ ಹೊಡೆಸುವ ಹುಮ್ಮಸ್ಸು ಬಂತು. "ಹೆಂಗೂ ಈಗ ನೀನು ಜಗಳ ಆಡೋ ಹಾಗಿಲ್ಲ, ಬಣ್ಣ ನಾನೇ ಆರಿಸ್ತೀನಿ" ಅಂತ ಗೋಡೆಗೆಲ್ಲ ಸುಣ್ಣದ ನೀರಿನಂಥ ಒಂದು ಬಣ್ಣ ಬಳಿಸಿದರು. ನಾನು ಹಣೆ ಚಚ್ಚಿಕೊಂಡು ತೋರಿಸಿದೆ, ಅಷ್ಟೇ.

ಬಣ್ಣ ಒಣಗಿದ ಮೇಲೆ ಕಂಪ್ಯೂಟರುಗಳನ್ನು ಮತ್ತೆ ಜೋಡಿಸಬೇಕಿತ್ತು. ಅವರು ಮನೆಗಳ ನಕ್ಷೆ ಬರೆಯುವವರು. ಅವರ ಕೋಣೆ, ನನ್ನ ಕೋಣೆ ಅಕ್ಕಪಕ್ಕ. ನಡುವಿನ ಗೋಡೆಯಲ್ಲಿ ಎರಡೂ ಕಡೆ ಪುಟ್ಟ ಬಾಗಿಲಿರುವ ಒಂದು ಗೂಡಿದೆ. ಫ್ಯಾನಿನ ಗೊರಗೊರ ನನ್ನ ಮೈಕಿಗೆ ಕೇಳಿಸಬಾರದೆಂದು ಇಬ್ಬರ ಸಿಪಿಯು ಪೆಟ್ಟಿಗೆಗಳನ್ನೂ ಅದರೊಳಗೆ ಇಟ್ಟು, ವೈರುಗಳನ್ನು ಮಾತ್ರ ನಮ್ಮ ನಮ್ಮ ಮೇಜಿಗೆ ಎಳೆದುಕೊಂಡಿದ್ದೇವೆ. ಮೈಕಿನ ಗಿಡ್ಡ ವೈರು ಗೂಡಿನವರೆಗೆ ಎಟುಕುವುದಿಲ್ಲ. ಪೋರ್ಟ್ ಇರುವ ಮಾನಿಟರುಗಳನ್ನೇ ಹುಡುಕಿ, ಒಂದೇ ಥರದ ಜೋಡಿ ತಂದದ್ದು ಅದಕ್ಕೇ.

ಜೋಡಿಸುವಾಗ ನಾನು ನನ್ನ ಕಡೆಯಿಂದ ಗೂಡಿನೊಳಗೆ ತಲೆ ತೂರಿಸಿದ್ದೆ. ಅವರು ತಮ್ಮ ಕಡೆಯಿಂದ ಒಂದೊಂದೇ ವೈರು ಕೊಡುತ್ತ, "ಎಡಗಡೆ ಪೆಟ್ಟಿಗೆ ನಿಂದು, ಬಲಗಡೆದು ನಂದು, ತಿಳೀತಾ?" ಅಂತ ಕೂಗಿದರು. ಹೂಂ ಅನ್ನುವುದಕ್ಕೆ ಗೋಡೆಗೆ ಒಂದು ಸಲ ಕುಟ್ಟಬೇಕು, ಉಹೂಂಗೆ ಎರಡು ಸಲ. ನಾನು ಒಂದು ಸಲ ಕುಟ್ಟಿದೆ. ಕಂಪ್ಯೂಟರ್ ಹಚ್ಚಿದರೆ ನನ್ನ ಪರದೆಯ ಮೇಲೆ ಅವರ ಮೆಟ್ಟಿಲಿನ ನಕ್ಷೆ, ಅವರ ಪರದೆಯ ಮೇಲೆ ನನ್ನ ಮೊಮ್ಮಗಳ ಫೋಟೊ! ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸದ್ದಿಲ್ಲದೆ ನಕ್ಕೆ. ಚಿತ್ರ ಬರುವ ಎರಡು ವೈರುಗಳನ್ನು ಅದಲುಬದಲು ಮಾಡಿದೆವು, ಕೀಬೋರ್ಡು ಮೌಸುಗಳನ್ನೂ ಸರಿಮಾಡಿದೆವು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆವು.

ಮರುದಿನ, ಗಿರಾಕಿಗಳ ಜೊತೆ ವಿಡಿಯೊದಲ್ಲಿ ಮಾತಾಡಲು ಇಟ್ಟುಕೊಂಡಿದ್ದ ಅವರ ಕ್ಯಾಮೆರಾ ಕೆಲಸ ಮಾಡಲಿಲ್ಲ. ಅದನ್ನೂ ಮಾನಿಟರಿನ ಪೋರ್ಟಿಗೇ ಚುಚ್ಚುವುದು. "ಪೋರ್ಟ್ ಹೋಗಿದೆ ಅಂತ ಕಾಣುತ್ತೆ" ಅಂತ ಕ್ಯಾಮೆರಾವನ್ನು ಮಾನಿಟರಿನ ತಲೆಯ ಮೇಲೇ ಬಿಟ್ಟು, ಮೊಬೈಲಿನಲ್ಲೇ ಮಾತಾಡತೊಡಗಿದರು. ಗಾಯ ಮಾಯ್ದು, ಮತ್ತೆ ಓದಲು ಕೂತ ಆ ಬೆಳಿಗ್ಗೆ ನನ್ನದೂ ಅದೇ ಪಾಡಾಯಿತು.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ತಮ್ಮನಿಗೆ ಫೋನು ಮಾಡಿದೆ.

"ಅಕ್ಕಾ, ಮಾನಿಟರಿನ ಬೆನ್ನಲ್ಲಿ ಚೌಕ ಬಾಯಿಯ ವೈರೊಂದಿರುತ್ತೆ. ಅದು ಸಿಪಿಯುಗೆ ಹೋಗಿರಬೇಕು. ಚಿತ್ರದ ವೈರು ಬರೀ ಚಿತ್ರ ತರುತ್ತೆ ಅಷ್ಟೇ. ಈ ಚೌಕದ್ದು ಇಲ್ಲಾಂದ್ರೆ ಪೋರ್ಟು ಇದ್ದೂ ಇಲ್ಲದ ಹಾಗೆ."

ಬಗ್ಗಿ ನೋಡಿದೆ. ಚೌಕದ ವೈರು ಗಟ್ಟಿಯಾಗೇ ಕೂತಿತ್ತು, ಅದರ ಇನ್ನೊಂದು ತುದಿ ಗೂಡಿನೊಳಗೆ ಹೋಗಿತ್ತು. "ಇದೆಯೋ ಮಾರಾಯ, ನಾನೇ ಹಾಕಿದ್ದು" ಅಂದೆ.

"ಹಾಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡು. ಮೈಕ್ ಕಿತ್ತು ಹಾಕು."

ಮಾಡಿದೆ. ಮೈಕ್ ಚುಚ್ಚಿದ ಕೂಡಲೇ ಪಕ್ಕದ ಕೋಣೆಯಿಂದ ಟಿಣ್ ಅಂತ ಸದ್ದು. ಕಿತ್ತೆ, ಅಲ್ಲೇ ಟೊಣ್ ಅಂತ ಸದ್ದು. ಇಲ್ಲಿ ನಾನು ಒದ್ದಾಡುತ್ತಿದ್ದರೆ ಅಲ್ಲಿ ಇವರಿಗೆ ಆಟ! "ರೀ, ಏನ್ರೀ ಅದು ಚುಚ್ಚೋದು ಕೀಳೋದು?" ಅಂತ ಕಿರುಚಿದೆ.

"ನಾನೇನೂ ಮುಟ್ಟಿಲ್ಲ ಕಣೇ!"

ತಮ್ಮ ಫೋನಿನಲ್ಲೇ ನಕ್ಕ. "ಸೌಂಡ್ ಸೆಟಿಂಗ್ಸ್ ತೆಗೆದು ನೋಡು. ಯಾವುದಾದ್ರೂ ಮೈಕ್ ಕಾಣುತ್ತಾ?"

ಯುಎಸ್‌ಬಿ ಮೈಕ್ ಅಂತ ಒಂದು ಹೆಸರು ಕಾಣಿಸಿತು. "ಅದೇ, ಅದೇ! ಅದನ್ನ ಒತ್ತು. ಈಗ ಹಲೋ ಅನ್ನು, ಪಕ್ಕದಲ್ಲಿ ಹಸಿರು ಪಟ್ಟಿ ಕುಣೀಬೇಕು" ಅಂದ.

"ಹಲೋ!" ಅಂದೆ. ಪಟ್ಟಿ ಅಲುಗಿದಂತೆ ಕಂಡಿತು. ಇನ್ನೂ ಗಟ್ಟಿಯಾಗಿ, "ಹಲೋ!" ಅಂದೆ. ಆಚೆ ಕೋಣೆಯಿಂದ ಇವರು, "ಏನೇ ಅದು?" ಅಂತ ಕೂಗಿದರು. ಪಟ್ಟಿ ತುದಿಯವರೆಗೆ ಹಾರಿ ಕುಣಿಯಿತು.

ಸರಿಹೋಯಿತು ಅಂದುಕೊಂಡೆ. ತಮ್ಮನಿಗೆ ಭೇಷ್ ಅಂದು ಫೋನಿಟ್ಟೆ. ಬಾಗಿಲ ಹೊರಗೆ ಕೆಂಪು ಟವೆಲ್ ನೇತುಹಾಕಿ, ಬಾಗಿಲು ಮುಚ್ಚಿಕೊಂಡೆ. ಟವೆಲ್ ಇದ್ದರೆ ನಾನು ರೆಕಾರ್ಡಿಂಗಿನಲ್ಲಿದ್ದೇನೆ ಎಂದರ್ಥ. ಮನೆಗೆ ಬೆಂಕಿ ಬಿದ್ದರೂ ಬಾಗಿಲು ತಟ್ಟುವ ಹಾಗಿಲ್ಲ. ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿರುವ ಆ ಕೋಣೆಯಲ್ಲಿ ಕೂತರೆ ಪಕ್ಕದಲ್ಲಿ ಯಾರು ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸುವುದಿಲ್ಲ. ಪುಸ್ತಕದಲ್ಲಿ ಇನ್ನು ಕೆಲವೇ ಅಧ್ಯಾಯಗಳು ಉಳಿದಿದ್ದವು. ಹಸಿರು ಪಟ್ಟಿ ಕುಣಿಯುತ್ತಲೇ ಇತ್ತು, ನಾನು ಓದುತ್ತಲೇ ಇದ್ದೆ. ಅಷ್ಟು ದಿನ ಸುಮ್ಮನಿದ್ದ ಬಾಯಿಗೆ ಹಬ್ಬವಾಗಿತ್ತು.

ಅಧ್ಯಾಯ ಮುಗಿಸಿ, ನೀರು ಕುಡಿದು, ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೇಳಲು ಒತ್ತಿದೆ.

ನನ್ನ ದನಿ ಇರಲೇ ಇಲ್ಲ. ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ನನ್ನ ಕಿವಿಯ ಒಳಗೇ ಕೂತವರ ಹಾಗೆ ನನ್ನ ಗಂಡ ಮಾತಾಡಿದರು.

"ಹೇಳಿ ಡಾಕ್ಟ್ರೇ. ಈಗ ಅವಳು ಒಳಗೆ ಓದ್ತಿದ್ದಾಳೆ, ಕೇಳಿಸಲ್ಲ."

ಇವರ ದನಿ ಇಲ್ಲಿಗೆ ಹೇಗೆ ಬಂತು? ಆ ಪ್ರಶ್ನೆ ಮೂಡುವಷ್ಟರಲ್ಲಿ ಡಾಕ್ಟರಮ್ಮನ ದನಿ ಬಂತು. ಮೊಬೈಲಿನ ಸ್ಪೀಕರಿನಲ್ಲಿ ಬರುವ ಗೊಗ್ಗರು ದನಿ, ಆದರೆ ಒಂದೊಂದು ಮಾತೂ ಸ್ಪಷ್ಟ.

"ಇನ್ನೂ ಹೇಳಿಲ್ವಾ ನೀವು? ಇದು ಕ್ಯಾನ್ಸರ್. ಎಷ್ಟು ಸಲ ಹೇಳಲಿ? ಧ್ವನಿಪೆಟ್ಟಿಗೆ ತೆಗೀಲೇಬೇಕು. ಈಗ ತೆಗೆದ್ರೆ ದನಿ ಹೋಗುತ್ತೆ, ಜೀವ ಉಳಿಯೋ ಭರವಸೆ ಇದೆ. ಹೀಗೇ ಮುಂದಕ್ಕೆ ಹಾಕ್ತಾ ಹೋದ್ರೆ ಆ ಭರವಸೇನೂ ನಾನು ಕೊಡೋಕಾಗಲ್ಲ."

"ಪುಸ್ತಕ ಒಂದು ಮುಗೀಲಿ ಡಾಕ್ಟ್ರೇ. ಅವಳಿಗೆ ಅದೇ ಪ್ರಾಣ."

"ಪುಸ್ತಕ ಕಾಯುತ್ತೆ ಸ್ವಾಮಿ, ಕಾಯಿಲೆ ಕಾಯಲ್ಲ. ನೀವು ಹೇಳದಿದ್ರೆ ನಾನೇ ಹೇಳ್ತೀನಿ, ನಾಳೆ ಕರ್ಕೊಂಡು ಬನ್ನಿ."

"ಈ ವಾರ ಬಿಡಿ. ಮುಂದಿನ ವಾರ ಖಂಡಿತ."

ಹೆಡ್‌ಫೋನ್ ಕಿತ್ತೆಸೆದೆ. ಕೈ ತಾನಾಗಿ ಗಂಟಲಿಗೆ ಹೋಯಿತು. ಮುಟ್ಟಿದರೆ ಅದೇ ಗಂಟಲು, ಎಂದಿನಂತೆ ಬೆಚ್ಚಗಿತ್ತು. ಇದರೊಳಗೇ ಕೂತಿದೆಯಾ ಅದು? ಇಷ್ಟು ದಿನ ನಾನು ಬಿಸಿನೀರು, ಜೇನುತುಪ್ಪ ಅಂತ ಉಪಚಾರ ಮಾಡುತ್ತಿದ್ದದ್ದು ಅದಕ್ಕಾ? ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಮತ್ತೆ ಹಾಕಿಕೊಂಡು ಮತ್ತೆ ಕೇಳಿದೆ. ಎರಡನೇ ಸಲ ಇನ್ನೂ ಕೆಟ್ಟದಾಗಿ ಕೇಳಿಸಿತು.

ಬುದ್ಧಿ ನಂಬಲು ಒಪ್ಪದೆ ಏನಾದರೊಂದು ಹಿಡಿದುಕೊಳ್ಳಲು ಹುಡುಕುತ್ತಿತ್ತು. ಗೂಡಿನ ಬಾಗಿಲು ತೆಗೆದು, ನನ್ನ ಮಾನಿಟರಿನ ಚೌಕ ಬಾಯಿಯ ವೈರನ್ನು ಬೆರಳಲ್ಲೇ ಹಿಡಿಯುತ್ತ ಒಳಗಿನ ತುದಿಯವರೆಗೆ ಹೋದೆ. ಅದು ಅವರ ಪೆಟ್ಟಿಗೆಗೆ ಹೋಗಿ ಕೂತಿತ್ತು. ಅವರ ಮಾನಿಟರಿನದು ನನ್ನ ಪೆಟ್ಟಿಗೆಯಲ್ಲಿತ್ತು. ಎಡಗಡೆ ಅಂದಿದ್ದರಲ್ಲ, ಅದು ಗೋಡೆಯ ಆಚೆ ನಿಂತವರ ಎಡಗಡೆ. ಬಾಯಿಬಿಡುವ ಹಾಗಿದ್ದಿದ್ದರೆ ಅವತ್ತೇ, ಯಾರ ಎಡಗಡೆ ಅಂತ ಕೇಳುತ್ತಿದ್ದೆ. ಚಿತ್ರದ ವೈರು ತಪ್ಪಿದ್ದು ಕಣ್ಣಿಗೆ ಕಂಡಿತು, ಬದಲಾಯಿಸಿದೆವು. ಈ ಚೌಕದ ವೈರು ಎರಡನ್ನೂ ಮರೆತೇಬಿಟ್ಟಿದ್ದೆವು. ನನ್ನ ಮೈಕು ಅವರ ಕಂಪ್ಯೂಟರಿಗೆ ಸಿಕ್ಕಿಕೊಂಡು ಟಿಣ್ ಅನ್ನುತ್ತಿತ್ತು, ಅವರ ಕ್ಯಾಮೆರಾದೊಳಗಿನ ಮೈಕು ನನ್ನ ಕಂಪ್ಯೂಟರಿಗೆ ಕಿವಿಯಾಗಿ ಕೂತಿತ್ತು. ಪೋರ್ಟು ಕೆಟ್ಟಿರಲಿಲ್ಲ. ಡಾಕ್ಟರಮ್ಮ ಹೇಳಿದ್ದೂ ಸುಳ್ಳಲ್ಲ.

ಅವರ ಕೋಣೆಗೆ ಹೋದೆ. ಮೊಬೈಲನ್ನು ಮೇಜಿನ ಮೇಲೆ ಮಕಾಡೆ ಹಾಕಿ, ಗೋಡೆಗೆ ತಲೆ ಆನಿಸಿ ಕೂತಿದ್ದರು.

"ಯಾರ ಹತ್ರ ಮಾತಾಡ್ತಿದ್ರಿ?"

"ಆ ಮೂಲೆಮನೆಯೋರು ಕಣೇ. ಮೆಟ್ಟಿಲಿನ ಅಳತೆ ಕೇಳ್ತಿದ್ರು."

"ಕ್ಯಾನ್ಸರ್ ಎಷ್ಟನೇ ಮೆಟ್ಟಿಲಲ್ಲಿದೆಯಂತೆ?"

ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅಷ್ಟು ಸಾಕಿತ್ತು ನನಗೆ. ಕೊನೆಯ ಆಸೆಯೂ ಅಲ್ಲೇ ಸತ್ತಿತು.

ಆಮೇಲೆ ನಾನು ಬೈದೆ. ಹಿಂದೆಂದೂ ಬೈಯದ ಹಾಗೆ ಬೈದೆ. "ನನ್ನ ಗಂಟಲು ಕಣ್ರೀ ಅದು! ಗೋಡೆಯ ಬಣ್ಣ ಅಲ್ಲ, ನೀವೊಬ್ಬರೇ ಆರಿಸೋಕೆ! ಅದು ಉಳೀಬೇಕೋ ಹೋಗಬೇಕೋ ಹೇಳೋಕೆ ನೀವ್ಯಾರು? ನಾನೇನು ಹಾಲು ಕುಡಿಯೋ ಮಗುವಾ? ಜೇನುತುಪ್ಪ ನೆಕ್ಕಿಸ್ಕೊಂಡು ಕೂರ್ಸಿದ್ರಲ್ಲ! ನಾನು ಸತ್ತೇ ಹೋಗಿದ್ರೆ? ಪುಸ್ತಕ ಮುಗೀಲಿ ಅಂತೆ! ಆ ಮಕ್ಕಳು ಕೇಳಿದ್ರಾ ನಿಮ್ಮನ್ನ, ಕಥೆಯಮ್ಮ ಸತ್ರೂ ಪರವಾಗಿಲ್ಲ, ಪುಸ್ತಕ ಮುಗಿಸಿ ಅಂತ?"

ಅವರು ತಲೆ ತಗ್ಗಿಸಿಕೊಂಡು, "ಪುಸ್ತಕದ್ದು ಸುಳ್ಳು" ಅಂದರು.

"ಏನು ಸುಳ್ಳು?"

"ಡಾಕ್ಟ್ರಿಗೆ ಹಾಗಂದೆ. ಪುಸ್ತಕಕ್ಕಲ್ಲ. ನನಗೇ ಬೇಕಿತ್ತು." ಗೋಡೆಯ ಕಡೆ ನೋಡಿದರು. "ನೀನು ಬಾಯಿ ಮುಚ್ಕೊಂಡಿದ್ದೆಯಲ್ಲ, ಆ ದಿನಗಳಲ್ಲಿ ನನಗೆ ಈ ಮನೇಲಿ ಇರೋಕೇ ಆಗ್ಲಿಲ್ಲ ಕಣೇ. ಬಣ್ಣದೋರನ್ನ ಕರೆಸಿದ್ದೂ ಅದಕ್ಕೇ, ಯಾರಾದ್ರೂ ಮಾತಾಡ್ತಿರಲಿ ಅಂತ. ಇನ್ನೊಂದು ವಾರ ನಿನ್ನ ದನಿ ಕೇಳಿಬಿಡೋಣ, ಇನ್ನೊಂದು ವಾರ ಅಂತ... ತಪ್ಪು ಅಂತ ಗೊತ್ತಿತ್ತು. ಆದ್ರೂ ಆಗ್ಲಿಲ್ಲ."

ನನ್ನ ಜೀವವನ್ನು ಪಣಕ್ಕಿಟ್ಟು ನನ್ನ ದನಿ ಕೇಳುತ್ತ ಕೂತಿದ್ದ ಮನುಷ್ಯ. ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಆಮೇಲೆ ಅವರ ಮೊಬೈಲು ಎತ್ತಿಕೊಂಡು ಡಾಕ್ಟರಮ್ಮನ ನಂಬರು ಒತ್ತಿದೆ.

"ಡಾಕ್ಟ್ರೇ, ನಾನೇ ಮಾತಾಡ್ತಿರೋದು. ನನಗೆಲ್ಲ ಗೊತ್ತಾಯ್ತು. ನಾಳೆ ಬೆಳಿಗ್ಗೆನೇ ಬರ್ತೀವಿ. ಯಾವಾಗ ಕತ್ತರಿಸ್ತೀರೋ ಕತ್ತರಿಸಿ."

ಡಾಕ್ಟರಮ್ಮ, "ಬನ್ನಿ ತಾಯಿ. ಇನ್ನು ತಡ ಮಾಡಲ್ಲ" ಅಂದರು.

ಮೊಬೈಲು ಕೆಳಗಿಟ್ಟೆ. ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ಧಾರಾಕಾರ.

"ಬೈ ಕಣೇ" ಅಂದರು. "ಯಾಕೆ ನಿಲ್ಲಿಸಿದೆ? ಇನ್ನೂ ಬೈ."

ಬಾಯಿ ತೆರೆದೆ. ಜನ್ಮವಿಡೀ ಬೈಗುಳಕ್ಕೆ ಬರವಿಲ್ಲದ ನನಗೆ ಆಗ ಒಂದೂ ಸಿಗಲಿಲ್ಲ. ಮದುವೆಯಾದಾಗಿನಿಂದ ಅವರನ್ನು 'ರೀ' ಎಂದು ಬಿಟ್ಟರೆ ಬೇರೇನೂ ಕರೆದವಳಲ್ಲ. ಈ ದನಿ ಇಷ್ಟೆಲ್ಲ ಊರವರ ಕಥೆ ಓದಿದೆ, ಅವರ ಹೆಸರನ್ನು ಮಾತ್ರ ಒಮ್ಮೆಯೂ ಆಡಿಲ್ಲ ಎಂದು ಆಗ ಹೊಳೆಯಿತು. ಪಕ್ಕದಲ್ಲಿ ಕೂತೆ. ಅವರ ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು, ಅವರನ್ನು ಹೆಸರು ಹಿಡಿದು ಕರೆದೆ.

ಅವರು ಚಿಕ್ಕ ಹುಡುಗನ ಹಾಗೆ, "ಆಂ?" ಅಂದರು.

ನಾನು ಮತ್ತೆ ಕರೆದೆ.