ಬೀಗರ ಬೈಗುಳ

ಟೀವಿಯ ಬೆಳಕಿಗೆ ಗುರುಮಲ್ಲಮ್ಮನ ಮೂಗುಬೊಟ್ಟು ಮಿನುಗುತ್ತಿದೆ, ನಮ್ಮ ಪ್ರಧಾನಿ ಮೇಜು ಗುದ್ದಿದಾಗಲೆಲ್ಲ ಆಕೆ ತಲೆದೂಗುತ್ತಾಳೆ, ನಮ್ಮ ಹುಡುಗರನ್ನು ಜೈಲಿಗೆ ತಳ್ಳಿ ಅದನ್ನು ಸ್ನೇಹ ಎನ್ನುತ್ತೀರಾ, ಒಬ್ಬೊಬ್ಬರನ್ನೂ ಕರೆತರುವವರೆಗೆ ನನಗೆ ನಿದ್ದೆಯಿಲ್ಲ — ಉಮ್ಮತ್ತೂರಿನ ಆಕೆಯ ಈ ನಡುಮನೆ ತುಂಬಾ ಚಪ್ಪಾಳೆ, ನಾನೂ ತಟ್ಟಿದೆ, ತಟ್ಟಿಬಿಟ್ಟೆನಲ್ಲ, ಥೂ ನನ್ನ ಜನ್ಮಕ್ಕೆ. ಮೊನ್ನೆ ದಿಲ್ಲಿಯಲ್ಲಿ ಪ್ರಧಾನಿಯ ಇದೇ ಗಂಟಲು ಎಷ್ಟು ಮೆತ್ತಗಿತ್ತು, ಫೋನಿನ ಆ ಕಡೆ ಮಿತ್ರದೇಶದ ಅಧ್ಯಕ್ಷರು, ಈ ಕಡೆ ಇವರು, ನಡುವೆ ದುಭಾಷಿ ನಾನು, ಹುಡುಗರನ್ನು ಈ ವಾರವೇ ಬಿಡುತ್ತೇನೆ ಎಂದು ಅವರಾಗಿಯೇ ಅಂದರು, ಇವರು ಬೇಡ ಅಂದರು, ಮತದಾನ ಹತ್ತಿರ ಬರಲಿ, ಅಲ್ಲಿಯವರೆಗೆ ನಾನು ನಿಮ್ಮನ್ನು ಸ್ವಲ್ಪ ಬೈಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಅಷ್ಟನ್ನೇ ತಿರುಗಿಸಿ ಹೇಳಿ ಸುಮ್ಮನಿರಬಾರದಿತ್ತೇ, ನನ್ನ ನಾಲಗೆಯ ಕೊಬ್ಬು, ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಬೀಗರನ್ನು ಹಾಡುಕಟ್ಟಿ ಬೈಯುತ್ತಾರೆ, ಆಮೇಲೆ ಅವರೇ ಹೋಳಿಗೆ ಬಡಿಸುತ್ತಾರೆ, ಇದೂ ಹಾಗೇ ಎಂದು ತಿಳಿಯಿರಿ ಎಂದು ನನ್ನದೊಂದು ಒಗ್ಗರಣೆ ಸೇರಿಸಿದೆ, ಆ ಕಡೆ ಅಧ್ಯಕ್ಷರು ಗೊಳ್ಳೆಂದು ನಕ್ಕರು, ಈ ಕಡೆ ಇವರು ನನ್ನ ಬೆನ್ನು ತಟ್ಟಿದರು, ನನಗೆ ಹೆಮ್ಮೆಯಾಯಿತು, ಹೌದು, ಆ ಗಳಿಗೆಯಲ್ಲಿ ಹೆಮ್ಮೆಯೇ ಆಯಿತು.

ಆ ಹಾಡಿನ ಮಾತು ನನಗೆ ಬಂದದ್ದು ಎಲ್ಲಿಂದ, ಅಕ್ಕ ನಾಗಲಕ್ಷ್ಮಿಯ ಮದುವೆ ಚಪ್ಪರದಲ್ಲಿ ತೆರಕಣಾಂಬಿಯ ಬೀಗರ ಮೀಸೆ ಹಿಡಿದು ಹಾಡಿದ್ದು ಈ ಗುರುಮಲ್ಲಮ್ಮನೇ, ಆಗ ಅವಳ ಸೊಂಟದ ಮೇಲೆ ಬೆರಳು ಚೀಪುತ್ತಿದ್ದವನು ಅವಳ ಮಗ ಪುಟ್ಟಮಾದು — ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಲಾರಿ ಓಡಿಸುತ್ತಿದ್ದವನು, ಆ ದೇಶಕ್ಕೆ ಡ್ರೈವರಾಗಿ ಹೋಗಿ ಈಗ ಅಲ್ಲಿಯ ಜೈಲಿನಲ್ಲಿದ್ದಾನೆ, ಎದೆನೋವಂತೆ, ಮಾತ್ರೆ ಕೊಡುವವರಿಲ್ಲವಂತೆ, ಈ ವಾರ ಬರಬೇಕಾಗಿದ್ದವನು. ಟೀವಿ ಆರಿಸಿದರು, ಜನ ಎದ್ದು ಹೋದರು, ರಜೆಗೆ ಬಂದವನು ನಾನು ಮನೆಯಲ್ಲೇ ಇರಬಹುದಿತ್ತು, ಆಕೆ ನನ್ನನ್ನೇ ನೋಡುತ್ತಾಳೆ, ನೀನೇ ಅಲ್ವಾ ಕಣಪ್ಪ ಇಬ್ರ ನಡುವೆ ಇದ್ದೋನು, ಪೋನಲ್ಲೂ ಇಂಗೇ ಗದರುದ್ರಾ, ನಮ್ ಪುಟ್ಟಮಾದು ಬತ್ತನಾ. ಇದಕ್ಕಿಂತ ಜೋರಾಗಿ ಗದರುದ್ರು ಕಣವ್ವ, ಬತ್ತನೆ — ಎಷ್ಟು ಸರಾಗ, ಒಂದು ಪದವೂ ತಡವರಿಸಲಿಲ್ಲ. ಆಕೆ ಒಳಗೆ ಹೋದಳು, ತಟ್ಟೆ ತಂದಳು, ಮಗ ಬರುವ ಮಾತು ಖಾತ್ರಿಯಾಗುವ ತನಕ ಅನ್ನ ಮುಟ್ಟಲ್ಲ ಅಂತ ಬೆಟ್ಟದ ಮಾದಪ್ಪನಿಗೆ ಹರಕೆ ಹೇಳ್ಕಂಡಿದ್ದೆ, ಈಗ ನಿನ್ ಬಾಯಲ್ಲಿ ಕೇಳ್ದೆನಲ್ಲ, ಸಾಕು ಬುಡು. ಬೇಡ ಎನ್ನಬೇಕು, ಈಗಲೇ ಎನ್ನಬೇಕು, ಅವಳ ಕೈ ಅನ್ನ ಕಲೆಸುತ್ತಿದೆ, ಎನ್ನಬೇಕು, ತುತ್ತು ಕಟ್ಟಿತು ಕೈ, ಮೇಲಕ್ಕೆದ್ದಿತು, ಬಿಳಿಯ ಅನ್ನ, ಅವಳ ಬಾಯಿ ತೆರೆಯಿತು, ಅನ್ನ, ಆ ತುತ್ತು, ಆ ತುತ್ತು